ನಾನೇನು ಇಲಿಯೇನ್ಲಾ?

ದೊಡ್ಡಪ್ಪ ಈ ಮಾತು ಕೇಳಿದ್ದು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕೂತು. ಒಳಗೆ ಡಾಕ್ಟರು, "ನಿಮ್ಮ ಕಾಯಿಲೆಗೆ ನಾಲ್ಕು ಔಷಧಿ ಸೇರಿಸಿ ಕೊಡುವ ಒಂದು ಟ್ರಯಲ್ ಇದೆ, ಮನೆಯಲ್ಲಿ ಯೋಚನೆ ಮಾಡಿ ಹೇಳಿ" ಅಂದಿದ್ದರು. ಕೈಗೆ ಇಪ್ಪತ್ತು ಪುಟದ ಕಾಗದ ಕೊಟ್ಟಿದ್ದರು. ಪೂರ್ತಿ ಇಂಗ್ಲಿಷು. ಅಷ್ಟರಲ್ಲಿ ದೊಡ್ಡಪ್ಪನಿಗೆ ತಿಳಿದಿದ್ದು ಒಂದೇ ಶಬ್ದ. ಪಂಪ್‌ಸೆಟ್ಟು ರಿಪೇರಿಯಾದ ಮೇಲೆ ಮೆಕ್ಯಾನಿಕ್ಕು ಸ್ವಿಚ್ ಒತ್ತಿ ಟ್ರಯಲ್ ನೋಡುತ್ತಾನಲ್ಲ, ಅದು. "ನನ್ ಮ್ಯಾಲೆ ಟ್ರಯಲ್ ನೋಡ್ತಾರಂತಾ? ನಾನೇನು ಇಲಿಯೇನ್ಲಾ?"

ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಎರಡು ವರ್ಷ ಅವರ ಜೊತೆ ಓಡಾಡಿ, ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಪ್ರಶ್ನೆ ಅವರೊಬ್ಬರದ್ದಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಬಸ್ಸು ರೈಲು ಹತ್ತಿ ಬೆಂಗಳೂರಿಗೋ ಮೈಸೂರಿಗೋ ರಕ್ತದ ಕ್ಯಾನ್ಸರ್‌ನ ಫೈಲು ಹಿಡಿದು ಹೋಗುವ ಯಾರ ಬಾಯಲ್ಲೂ ಬರಬಹುದಾದ ಪ್ರಶ್ನೆ.

ದೊಡ್ಡಪ್ಪನದು ಹಲಗೂರು ಕಡೆಯ ಊರು. ಅರವತ್ತೈದು ದಾಟಿದ ರೈತನಿಗೆ ಬೆನ್ನು ನೋಯುವುದು ನಮ್ಮಲ್ಲಿ ಯಾರಿಗೂ ಸುದ್ದಿಯಲ್ಲ. ಬಗ್ಗಿ ನಾಟಿ ಹಾಕಿದ ಬೆನ್ನು, ಕಬ್ಬಿನ ಹೊರೆ ಹೊತ್ತ ಬೆನ್ನು, ಹಿಪ್ಪುನೇರಳೆ ಸೊಪ್ಪು ತಂದ ಬೆನ್ನು. ನೋಯದೆ ಏನು ಮಾಡುತ್ತದೆ ಎಂದುಕೊಂಡು ಎಂಟು ತಿಂಗಳು ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿದರು. ಬೆಳಿಗ್ಗೆ ಒಂದು, ರಾತ್ರಿ ಒಂದು. ಸುಸ್ತು ಅಂದರೆ ವಯಸ್ಸಾಯ್ತು ಅಂದೆವು. ಒಂದು ದಿನ ಕೊಟ್ಟಿಗೆಯಲ್ಲಿ ಹುಲ್ಲಿನ ಹೊರೆ ಎತ್ತಲು ಹೋಗಿ ಅಲ್ಲೇ ಕೂತುಬಿಟ್ಟರು. ಮಂಡ್ಯದಲ್ಲಿ ಎಕ್ಸ್‌ರೇ ತೆಗೆಸಿದರೆ ಬೆನ್ನುಮೂಳೆಯ ಒಂದು ಮಣಿ ಕುಸಿದಿತ್ತು. ಹಿಮೋಗ್ಲೋಬಿನ್ 7. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವ ಕ್ರಿಯಾಟಿನಿನ್ 4ರ ಹತ್ತಿರ. ಮೂಳೆ ಮಜ್ಜೆ ತೆಗೆದು ನೋಡಿದ ಮೇಲೆ ಹೆಸರು ಗೊತ್ತಾಯಿತು: ಮಲ್ಟಿಪಲ್ ಮೈಲೋಮಾ.

ರಕ್ತದ ಕ್ಯಾನ್ಸರ್ ಅಂದರೆ ಒಂದೇ ಕಾಯಿಲೆಯಲ್ಲ. ಲ್ಯುಕೇಮಿಯಾ, ಲಿಂಫೋಮಾ, ಮೈಲೋಮಾ ಎಂದು ಮೂರು ದೊಡ್ಡ ಕುಟುಂಬಗಳಿವೆ. ಮೈಲೋಮಾ ಹೆಚ್ಚಾಗಿ ವಯಸ್ಸಾದವರ ಕಾಯಿಲೆ. ಸೋಂಕಿನ ವಿರುದ್ಧ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳು ಮಜ್ಜೆಯೊಳಗೆ ಅಡ್ಡಾದಿಡ್ಡಿ ಬೆಳೆಯುತ್ತವೆ. ಮೂಳೆ ತೂತು ಬೀಳುತ್ತದೆ, ರಕ್ತ ಇಳಿಯುತ್ತದೆ, ಆ ಕೋಶಗಳು ಸುರಿಯುವ ಕೆಲಸಕ್ಕೆ ಬಾರದ ಪ್ರೋಟೀನು ಕಿಡ್ನಿಯ ಸೂಕ್ಷ್ಮ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ಅಂಥ ಕಿಡ್ನಿಯ ಮೇಲೆ ನೋವಿನ ಮಾತ್ರೆ ಬಿದ್ದರೆ ಉರಿಯುವ ಬೆಂಕಿಗೆ ತುಪ್ಪ. ನಾವು ಎಂಟು ತಿಂಗಳು ಸುರಿದದ್ದು ಆ ತುಪ್ಪವನ್ನೇ.

ಈ ಕಾಯಿಲೆಯ ಮೊದಲ ಸ್ಪಷ್ಟ ದಾಖಲೆಗಳಲ್ಲಿ ಒಂದು 1844ರ ಲಂಡನ್ನಿನದು. 39 ವರ್ಷದ ಸಾರಾ ನ್ಯೂಬರಿ ಎಂಬ ಹೆಣ್ಣುಮಗಳ ಮೂಳೆಗಳು ಒಂದೊಂದಾಗಿ ಮುರಿದವು. ಆಕೆಗೆ ಕೊಟ್ಟದ್ದು ಕಿತ್ತಳೆ ಸಿಪ್ಪೆಯ ಕಷಾಯ, ರೂಬಾರ್ಬ್ ಗುಳಿಗೆ. ಅಲ್ಲಿಂದ ಒಂದು ನೂರು ವರ್ಷ ವೈದ್ಯರ ಕೈಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. 1969ರಲ್ಲಿ ಅಮೆರಿಕದ ವೈದ್ಯರು ಮೆಲ್ಫಲಾನ್ ಎಂಬ ಮಾತ್ರೆಯನ್ನು ಪ್ರೆಡ್ನಿಸೋನ್ ಜೊತೆ ಕೂಡಿಸಿ ಕೊಟ್ಟು ನೋಡಿದರು. ಒಂದಕ್ಕಿಂತ ಎರಡು ಮೇಲು ಎಂದು ಗೊತ್ತಾಯಿತು.

ಒಂದಕ್ಕಿಂತ ಎರಡು ಏಕೆ ಮೇಲು? ಗದ್ದೆಯಲ್ಲಿ ಕೊನ್ನಾರಿ ಕಿತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆ ಕೊಯ್ದರೆ ಗೆಡ್ಡೆ ಉಳಿಯುತ್ತದೆ. ಒಂದೇ ಕಳೆನಾಶಕ ವರ್ಷಗಟ್ಟಲೆ ಹೊಡೆದರೆ ಅದಕ್ಕೆ ಬಗ್ಗದ ಕಳೆ ಮಾತ್ರ ಉಳಿದು ಅದೇ ಹೊಲ ತುಂಬುತ್ತದೆ. ಕ್ಯಾನ್ಸರ್ ಕೋಶವೂ ಹೀಗೆಯೇ. ಕೋಟಿಗಟ್ಟಲೆ ಕೋಶಗಳಲ್ಲಿ ಒಂದು ಔಷಧಿಗೆ ಬಗ್ಗದವು ಮೊದಲೇ ಕೆಲವು ಇರುತ್ತವೆ. ಬೇರೆ ಬೇರೆ ದಾರಿಯಲ್ಲಿ ಕೊಲ್ಲುವ ಎರಡು ಮೂರು ಔಷಧಿ ಒಟ್ಟಿಗೆ ಬಿದ್ದರೆ ಎಲ್ಲದರಿಂದಲೂ ತಪ್ಪಿಸಿಕೊಳ್ಳುವ ಕೋಶ ಸಿಗುವುದು ಅಪರೂಪ. ಕ್ಷಯಕ್ಕೆ ಒಂದೇ ಮಾತ್ರೆ ಕೊಡದೆ ಮೂರು ನಾಲ್ಕು ಕೊಡುವುದೂ ಇದೇ ಕಾರಣಕ್ಕೆ.

ಕ್ಯಾನ್ಸರ್‌ನಲ್ಲಿ ಈ ಯುಕ್ತಿ ಮೊದಲು ಗೆದ್ದದ್ದು ಮಕ್ಕಳ ಲ್ಯುಕೇಮಿಯಾದಲ್ಲಿ, ಮತ್ತು ಆ ಕಥೆಯಲ್ಲಿ ನಮ್ಮ ನೆರೆಯವರೊಬ್ಬರಿದ್ದಾರೆ. 1895ರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅವರು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ತಂಡ ಕಟ್ಟಿಕೊಂಡು ತಯಾರಿಸಿದ ಅಮಿನಾಪ್ಟೆರಿನ್ನನ್ನು ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ 16 ಮಕ್ಕಳಿಗೆ ಕೊಟ್ಟರು. ಹತ್ತು ಮಕ್ಕಳ ರಕ್ತದಲ್ಲಿ ಸುಧಾರಣೆ ಕಂಡಿತು. 1948ರ ಜೂನ್‌ನಲ್ಲಿ ವರದಿ ಬಂತು, ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು. ಆದರೆ ಆ ಸುಧಾರಣೆ ಕೆಲವೇ ತಿಂಗಳದ್ದು. ಒಂದೇ ಔಷಧಿ, ಕಾಯಿಲೆ ತಿರುಗಿ ಬಂತು. 1960ರ ದಶಕದ ಆರಂಭದಲ್ಲಿ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ ಎಂಬ ವೈದ್ಯರು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ನಾಲ್ಕು ಔಷಧಿಯನ್ನು ಒಟ್ಟಿಗೆ ಕೊಟ್ಟರು. ಮಕ್ಕಳಿಗೆ ವಿಷ ಹಾಕುತ್ತಿದ್ದಾರೆ ಎಂದು ಜೊತೆಯ ವೈದ್ಯರೇ ಬೈದರು. ಇವತ್ತು ಒಳ್ಳೆಯ ಆಸ್ಪತ್ರೆಗಳಲ್ಲಿ ಈ ಕಾಯಿಲೆಯ ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ. ಆ ಧೈರ್ಯದ ಫಲ ಅದು.

ಆ ನಾಲ್ಕರಲ್ಲಿ ಒಂದು ವಿನ್‌ಕ್ರಿಸ್ಟಿನ್. ಅದು ಬರುವುದು ನಿತ್ಯಪುಷ್ಪದ ಗಿಡದಿಂದ. ನಮ್ಮ ಹಿತ್ತಿಲಲ್ಲಿ, ದೇವಸ್ಥಾನದ ಪೌಳಿಯಲ್ಲಿ, ಸ್ಮಶಾನದ ಬೇಲಿಯಲ್ಲಿ ಯಾರೂ ನೀರು ಹಾಕದೆ ವರ್ಷವಿಡೀ ಹೂ ಬಿಡುವ, ಕೆಲವರು ಕಾಶಿ ಕಣಗಿಲೆ ಎನ್ನುವ ಅದೇ ಐದೆಸಳಿನ ಗಿಡ. ಮೂಲ ಮಡಗಾಸ್ಕರ್ ದ್ವೀಪ. ರಾಶಿ ರಾಶಿ ಒಣಗಿದ ಎಲೆಯಿಂದ ಗ್ರಾಂ ಲೆಕ್ಕದಲ್ಲಿ ಔಷಧಿ ಸಿಗುತ್ತದೆ. ಇದನ್ನು ಓದಿ ಯಾರೂ ಎಲೆ ಕಿತ್ತು ಕಷಾಯ ಕಾಯಿಸಬಾರದು. ಔಷಧಿಗೂ ವಿಷಕ್ಕೂ ನಡುವಿನ ಗೆರೆ ಇಲ್ಲಿ ಕೂದಲೆಳೆಯಷ್ಟು.

ಅಮೆರಿಕದ ಮಾತು ಸಾಕು. ನಮ್ಮಲ್ಲಿ ಏನಾಯಿತು? 1980ರ ದಶಕದಲ್ಲಿ ಮುಂಬೈನ ಟಾಟಾ ಮೆಮೋರಿಯಲ್, ದೆಹಲಿಯ ಏಮ್ಸ್, ಚೆನ್ನೈನ ಅಡಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಒಂದು ಒಪ್ಪಂದಕ್ಕೆ ಬಂದವು. ಅಲ್ಲಿಯವರೆಗೆ ಒಬ್ಬೊಬ್ಬ ವೈದ್ಯರದು ಒಂದೊಂದು ಪಾಕ. ಇನ್ನು ಮುಂದೆ ಮಕ್ಕಳ ಲ್ಯುಕೇಮಿಯಾಕ್ಕೆ ಮೂರೂ ಕಡೆ ಒಂದೇ ಔಷಧಿಪಟ್ಟಿ, ಒಂದೇ ಅಳತೆ, ಒಂದೇ ಕಾಲಕ್ರಮ ಪಾಲಿಸುವುದು ಎಂದಾಯಿತು. ಎಂಸಿಪಿ–841 ಎಂದು ಅದರ ಹೆಸರು. ಬದುಕಿದವರನ್ನು ಬರೆದಿಟ್ಟರು, ಸತ್ತವರನ್ನು ಬರೆದಿಟ್ಟರು, ನಡುವೆಯೇ ಬಿಟ್ಟುಹೋದವರನ್ನೂ ಬರೆದಿಟ್ಟರು. ಡಾ. ವಿ. ಶಾಂತಾ, ಡಾ. ಸುರೇಶ್ ಆಡ್ವಾಣಿ ಮೊದಲಾದವರು ಅಮೆರಿಕದಲ್ಲಿ ಕೆಲಸ ಮಾಡಿದ್ದ ಡಾ. ಇಯಾನ್ ಮೆಗ್ರಾತ್ ಜೊತೆ ಸೇರಿ 2005ರಲ್ಲಿ ಇಪ್ಪತ್ತು ವರ್ಷದ ಲೆಕ್ಕ ಪ್ರಕಟಿಸಿದರು. ಗುಣವಾಗುವ ಮಕ್ಕಳ ಸಂಖ್ಯೆ ಏರಿತ್ತು. ಜೊತೆಗೆ ಕಹಿ ಸತ್ಯವೂ ಹೊರಬಂತು. ಕಾಯಿಲೆಯಿಂದಷ್ಟೇ ಅಲ್ಲ, ಚಿಕಿತ್ಸೆಯ ನಡುವೆ ತಗಲಿದ ಸೋಂಕಿನಿಂದಲೂ ಮಕ್ಕಳು ಸತ್ತಿದ್ದರು. ಬರೆದಿಟ್ಟಿದ್ದರಿಂದ ತಾನೇ ಅದು ಗೊತ್ತಾದದ್ದು, ತಿದ್ದಿಕೊಳ್ಳಲು ಆದದ್ದು.

ಇನ್ನೊಂದು ಲೆಕ್ಕ ನಮ್ಮ ಪಕ್ಕದ ವೆಲ್ಲೂರಿನದು. ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾ ಎಂಬುದು ರಕ್ತಸ್ರಾವದಿಂದ ದಿನಗಳಲ್ಲಿ ಜೀವ ತೆಗೆಯಬಲ್ಲ ಕ್ಯಾನ್ಸರ್. ಚೀನಾದ ಹಾರ್ಬಿನ್ ನಗರದ ವೈದ್ಯರು ಅದಕ್ಕೆ ಆರ್ಸೆನಿಕ್, ಅಂದರೆ ಪಾಷಾಣ, ಕೊಟ್ಟು ಗೆದ್ದಿದ್ದರು. ಶಾಂಘೈನ ವಾಂಗ್ ಝೆನ್ಯಿ ವಿಟಮಿನ್ 'ಎ' ಸಂಬಂಧದ ಎಟಿಆರ್‌ಎ ಮಾತ್ರೆಯಿಂದ ಗೆದ್ದಿದ್ದರು. ದುಬಾರಿ ಕೀಮೋಥೆರಪಿ ಭರಿಸಲಾಗದ ರೋಗಿಗಳನ್ನು ದಿನವೂ ನೋಡುತ್ತಿದ್ದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಮ್ಯಾಮೆನ್ ಚಾಂಡಿ, ಡಾ. ವಿಕ್ರಮ್ ಮ್ಯಾಥ್ಯೂಸ್ ಮತ್ತು ಜೊತೆಗಾರರು 1998ರಿಂದ ಆರ್ಸೆನಿಕ್ ಒಂದನ್ನೇ ಕೊಟ್ಟು ನೋಡಿದರು. 2006ರಲ್ಲಿ 72 ರೋಗಿಗಳ ಲೆಕ್ಕ ಪ್ರಕಟವಾಯಿತು: ನೂರಕ್ಕೆ 86 ಮಂದಿಯಲ್ಲಿ ಕಾಯಿಲೆ ಪೂರ್ತಿ ಹಿಮ್ಮೆಟ್ಟಿತ್ತು. 2013ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ಲೊ–ಕೊಕೊ ತಂಡ ಆರ್ಸೆನಿಕ್ ಮತ್ತು ಎಟಿಆರ್‌ಎ ಜೋಡಿಯನ್ನು, ಎಟಿಆರ್‌ಎ ಮತ್ತು ಕೀಮೋ ಜೋಡಿಯ ಎದುರು ನಿಲ್ಲಿಸಿತು. ಎರಡು ವರ್ಷದ ನಂತರ ಕಾಯಿಲೆಯ ಕಾಟವಿಲ್ಲದೆ ಉಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 97, ಎರಡನೆಯದರಲ್ಲಿ 86. ಕೀಮೋ ಇಲ್ಲದೆಯೇ ಈ ಲ್ಯುಕೇಮಿಯಾ ಗುಣವಾಗುತ್ತದೆ ಎಂದು ಲೋಕ ನಂಬಿದ್ದು ಆ ಅಂಕಿ ನೋಡಿ. ನಮ್ಮ ನಾಟಿ ಪಂಡಿತರ ಡಬ್ಬಿಯಲ್ಲೂ ಪಾಷಾಣ ಇದೆ. ವೆಲ್ಲೂರಿನವರು ಮಾಡಿದ ವ್ಯತ್ಯಾಸ ಎಂದರೆ ಅಳೆದು ಕೊಟ್ಟದ್ದು, ಎಣಿಸಿ ಬರೆದದ್ದು.

ಮತ್ತೆ ಮೈಲೋಮಾಕ್ಕೆ ಬರೋಣ. 1990ರ ದಶಕದ ಕೊನೆಯಲ್ಲಿ, ಗರ್ಭದ ಶಿಶುಗಳ ಕೈಕಾಲು ಕಸಿದು 1961ರಲ್ಲಿ ಮಾರುಕಟ್ಟೆಯಿಂದ ಹೊರಬಿದ್ದಿದ್ದ ಥಾಲಿಡೊಮೈಡ್‌ಗೆ ಹೊಸ ಜನ್ಮ ಸಿಕ್ಕಿತು. ಬೇರೆ ದಾರಿಯೇ ಉಳಿಯದ 84 ಮೈಲೋಮಾ ರೋಗಿಗಳಿಗೆ ಕೊಟ್ಟಾಗ ಸುಮಾರು ಮೂರರಲ್ಲಿ ಒಂದು ಪಾಲು ಜನ ಸ್ಪಂದಿಸಿದರು. 1999ರ ಆ ವರದಿಯ ಮೊದಲ ಹೆಸರು ಡಾ. ಸೀಮಾ ಸಿಂಘಾಲ್. ಅದರ ತಂಗಿಯಂಥ ಲೆನಾಲಿಡೊಮೈಡ್ ಬಂತು, ಚುಚ್ಚುಮದ್ದಾಗಿ ಬೊರ್ಟೆಜೊಮಿಬ್ ಬಂತು. ಎರಡನ್ನೂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಜೊತೆ ಸೇರಿಸಿದರೆ? ಅಮೆರಿಕದಲ್ಲಿ ಐನೂರಕ್ಕೂ ಹೆಚ್ಚು ರೋಗಿಗಳ ಮೇಲೆ ಎರಡು ಔಷಧಿಯನ್ನೂ ಮೂರು ಔಷಧಿಯನ್ನೂ ಹೋಲಿಸಿ ನೋಡಿದರು. ಮೂರು ತೆಗೆದುಕೊಂಡವರಲ್ಲಿ ಕಾಯಿಲೆ ತಲೆಯೆತ್ತದೆ ಇದ್ದದ್ದು ಸರಾಸರಿ 43 ತಿಂಗಳು, ಎರಡು ತೆಗೆದುಕೊಂಡವರಲ್ಲಿ 30. ಇದು 2017ರ ಸುದ್ದಿ. ಈಗ ಡಾರಾಟುಮುಮಾಬ್ ಎಂಬ ನಾಲ್ಕನೆಯದೂ ಸೇರಿದೆ. ಯುರೋಪ್ ಮತ್ತು ಆಸ್ಟ್ರೇಲಿಯಾದ 709 ರೋಗಿಗಳ ಪರೀಕ್ಷೆಯಲ್ಲಿ, ನಾಲ್ಕು ವರ್ಷದ ಕೊನೆಗೆ ಕಾಯಿಲೆ ಮುಂದುವರಿಯದೆ ಬದುಕಿದ್ದವರು ನಾಲ್ಕರ ಗುಂಪಿನಲ್ಲಿ ನೂರಕ್ಕೆ 84, ಮೂರರ ಗುಂಪಿನಲ್ಲಿ 68ರ ಹತ್ತಿರ.

ಹಾಗೆಂದು ಹೆಚ್ಚು ಸುರಿದಷ್ಟೂ ಒಳ್ಳೆಯದು ಎಂದಲ್ಲ. ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದ ಪರೀಕ್ಷೆ ಬೇರೊಂದು. ಭಾರತ ಮೂಲದ ಡಾ. ವಿನ್ಸೆಂಟ್ ರಾಜ್‌ಕುಮಾರ್ ಮುಂದಾಳತ್ವದಲ್ಲಿ 445 ರೋಗಿಗಳಿಗೆ ಲೆನಾಲಿಡೊಮೈಡ್ ಜೊತೆ ಒಂದು ಗುಂಪಿಗೆ ಸ್ಟೀರಾಯ್ಡ್ ದಂಡಿಯಾಗಿ, ಇನ್ನೊಂದು ಗುಂಪಿಗೆ ವಾರಕ್ಕೆ ಒಮ್ಮೆ ಮಾತ್ರ ಕೊಟ್ಟರು. ಜಾಸ್ತಿ ಕೊಟ್ಟವರಲ್ಲಿ ಹೆಚ್ಚು ಮಂದಿಗೆ ಕಾಯಿಲೆ ತಗ್ಗಿತು. ಆದರೆ ವರ್ಷದ ಕೊನೆಗೆ ಬದುಕಿದ್ದವರು ಜಾಸ್ತಿ ಗುಂಪಿನಲ್ಲಿ ನೂರಕ್ಕೆ 87, ಕಡಿಮೆ ಗುಂಪಿನಲ್ಲಿ 96. 2010ರಲ್ಲಿ ಇದು ಪ್ರಕಟವಾದ ಮೇಲೆ ಜಗತ್ತೇ ಸ್ಟೀರಾಯ್ಡ್ ತಗ್ಗಿಸಿತು. ಅಂದಾಜಿನ ಮೇಲೆ ನಡೆದಿದ್ದರೆ ನಾವು ಇಂದಿಗೂ ಜಾಸ್ತಿ ಕೊಟ್ಟು ಕೊಲ್ಲುತ್ತಿದ್ದೆವು.

ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಇದರೊಳಗಿದೆ. ಇಲಿಯ ಮೇಲೆ ನೋಡುವುದು ಮುಗಿದ ಮೇಲೆಯೇ ಔಷಧಿ ಮನುಷ್ಯನ ಹತ್ತಿರ ಬರುವುದು. ಮೊದಲು ಕೆಲವೇ ಜನರಲ್ಲಿ ಅಳತೆ ಎಷ್ಟು ತಡೆಯುತ್ತದೆ ಎಂದು ನೋಡುತ್ತಾರೆ, ಆಮೇಲೆ ಕೆಲಸ ಮಾಡುತ್ತದೆಯೇ ಎಂದು, ಕೊನೆಗೆ ಈಗಿರುವ ಒಳ್ಳೆಯ ಚಿಕಿತ್ಸೆಗಿಂತ ಮೇಲೇ ಎಂದು. ಈ ಕೊನೆಯ ಹಂತದಲ್ಲಿ ಯಾರಿಗೆ ಹಳೆಯದು, ಯಾರಿಗೆ ಹೊಸದು ಎಂದು ಡಾಕ್ಟರು ಆರಿಸುವಂತಿಲ್ಲ. ಊರಿನಲ್ಲಿ ಹೆಸರು ಬರೆದ ಚೀಟಿ ಮಡಚಿ ಡಬ್ಬಿಗೆ ಹಾಕಿ ಮಗುವಿನ ಕೈಲಿ ಎತ್ತಿಸುತ್ತೇವಲ್ಲ, ಹಾಗೆ ಕಂಪ್ಯೂಟರ್ ಎತ್ತುತ್ತದೆ. ಬೇಕಾದವರಿಗೆ ಬೇಕಾದ್ದು ಕೊಟ್ಟರೆ ಲೆಕ್ಕ ಸುಳ್ಳಾಗುತ್ತದೆ.

ಜನರ ಭಯಕ್ಕೆ ಕಾರಣ ಇಲ್ಲದಿಲ್ಲ. ಈ ದೇಶದಲ್ಲಿ ಬಡವರಿಗೆ ತಿಳಿಸದೆ ಔಷಧಿ ಪರೀಕ್ಷೆ ನಡೆಸಿದ ದೂರುಗಳು ಎದ್ದಿವೆ. ಇಂದೋರ್‌ನ ಸ್ವಾಸ್ಥ್ಯ ಅಧಿಕಾರ ಮಂಚ್ ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2013ರಲ್ಲಿ ಕಟ್ಟುಪಾಡು ಬಿಗಿಯಾಯಿತು. ಈಗ ಇರುವುದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಟ್ರಯಲ್ ಶುರುವಾಗುವ ಮೊದಲೇ ಸರ್ಕಾರಿ ನೋಂದಣಿಯಲ್ಲಿ ಅದು ದಾಖಲಾಗಬೇಕು. ವೈದ್ಯರಲ್ಲದ ಸಾಮಾನ್ಯರೂ ಕಾನೂನು ಬಲ್ಲವರೂ ಇರುವ ನೈತಿಕ ಸಮಿತಿ ಒಪ್ಪಬೇಕು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಪತ್ರ ಕೊಡಬೇಕು. ಓದಲು ಬಾರದವರಾದರೆ ಟ್ರಯಲ್‌ಗೆ ಸಂಬಂಧಪಡದ ಸಾಕ್ಷಿಯ ಎದುರು ಓದಿ ಹೇಳಬೇಕು. ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಇದೆ. ಯಾವಾಗ ಬೇಕಾದರೂ ಬಿಟ್ಟು ಬರಬಹುದು. ಬಿಟ್ಟರೆಂದು ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಭಾಷೆಯ ಈ ನಿಯಮ ತಿಳಿದ ಕೂಡಲೇ ಆ ಆಸ್ಪತ್ರೆಗೆ ಮತ್ತೆ ಹೋಗಿ ಕನ್ನಡದ ಪತ್ರ ಕೇಳಿದೆ. ಇತ್ತು. ಬೀರುವಿನಲ್ಲೇ ಇತ್ತು. ನಾವು ಕೇಳಿರಲಿಲ್ಲ, ಅವರು ಕೊಟ್ಟಿರಲಿಲ್ಲ. ಅಂದು ರಾತ್ರಿ ಜಗಲಿಯ ಮೇಲೆ ಕೂತು ಜೋರಾಗಿ ಓದಿದೆ. ದೊಡ್ಡವ್ವ ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡರು. 'ನಿಮಗೆ ಇದರಿಂದ ನೇರ ಪ್ರಯೋಜನ ಆಗದೆಯೂ ಇರಬಹುದು' ಎಂಬ ಸಾಲು ಬಂದಾಗ ಕೈ ನಿಲ್ಲಿಸಿ, "ಇನ್ನೊಂದ್ ಸಾರಿ ಓದು ಮಗಾ" ಅಂದರು. ಓದಿದೆ. ದೊಡ್ಡಪ್ಪ ಬಹಳ ಹೊತ್ತು ಸುಮ್ಮನಿದ್ದು, "ಇದ್ದುದ್ ಇದ್ದಂಗೆ ಯೋಳವ್ರೆ. ಸೇರ್ಕತೀನಿ ಬುಡು" ಅಂದರು.

ಆದರೆ ಸೇರಲು ಆಗಲಿಲ್ಲ. ಕಿಡ್ನಿ ಇಷ್ಟು ಕೆಟ್ಟಿದ್ದರೆ ಆ ಟ್ರಯಲ್‌ಗೆ ತೆಗೆದುಕೊಳ್ಳುವಂತಿಲ್ಲ ಎಂಬ ನಿಬಂಧನೆ ಇತ್ತು. ಬಹಳಷ್ಟು ಟ್ರಯಲ್‌ಗಳಲ್ಲಿ ಇರುತ್ತದೆ. ಎಂಟು ತಿಂಗಳ ಮಾತ್ರೆ ಆ ಬಾಗಿಲನ್ನೂ ಮುಚ್ಚಿತ್ತು.

ಅವರಿಗೆ ಸಿಕ್ಕಿದ್ದು ಮಾಮೂಲಿ ಚಿಕಿತ್ಸೆ. ಮೊದಲು ಬೊರ್ಟೆಜೊಮಿಬ್, ಸೈಕ್ಲೊಫಾಸ್ಫಮೈಡ್, ಡೆಕ್ಸಾ. ಕಿಡ್ನಿ ಚೇತರಿಸಿದ ಮೇಲೆ ನಡುವಿನದನ್ನು ಬಿಟ್ಟು ಲೆನಾಲಿಡೊಮೈಡ್. ಈ 'ಮಾಮೂಲಿ' ಎಂಬ ಪದದ ಹಿಂದೆ ಯಾರ್ಯಾರೋ ಊರಿನ, ಹೆಸರು ಗೊತ್ತಿಲ್ಲದ ನೂರಾರು ರೋಗಿಗಳು ಹಾಕಿದ ಸಹಿ ಇದೆ. ವಾರಕ್ಕೊಮ್ಮೆ ಮುಂಜಾನೆ ಬಸ್ಸಿನಲ್ಲಿ ಸಾತನೂರು, ಕನಕಪುರ ದಾಟಿ ಬೆಂಗಳೂರು. ಹೊಟ್ಟೆಯ ಚರ್ಮದಡಿಗೆ ಒಂದು ಚುಚ್ಚು, ಒಂದು ನಿಮಿಷದ ಕೆಲಸ. ಅದಕ್ಕಾಗಿ ಇಡೀ ದಿನ, ಇಬ್ಬರ ಕೂಲಿ. ಸ್ಟೀರಾಯ್ಡ್ ನುಂಗಿದ ರಾತ್ರಿ ಅವರಿಗೆ ನಿದ್ದೆಯಿಲ್ಲ. ಎರಡು ಗಂಟೆಗೆ ಎದ್ದು ಕೊಟ್ಟಿಗೆಗೆ ಹೋಗಿ ದನಗಳ ಜೊತೆ ಮಾತಾಡುತ್ತಿದ್ದರು. ಬೊರ್ಟೆಜೊಮಿಬ್ ಪಾದದ ನರಗಳನ್ನು ಮಂಕಾಗಿಸಿತು. ಕಾಲಿನಿಂದ ಚಪ್ಪಲಿ ಜಾರಿ ಹಿಂದೆ ಬಿದ್ದರೂ ಗೊತ್ತಾಗದೆ ನಡೆಯುತ್ತಿದ್ದರು, ಹಿಂದೆ ಬರುತ್ತಿದ್ದ ನಾನು ಎತ್ತಿಕೊಂಡು ಬರುತ್ತಿದ್ದೆ. ಡಾಕ್ಟರಿಗೆ ಇದನ್ನು ಹೇಳಿದ ಮೇಲೆ ಅಳತೆ ತಗ್ಗಿಸಿದರು. ನೋಡಲು ಬಂದವರೆಲ್ಲ ಮದ್ದೂರು ಮಾರುಕಟ್ಟೆಯಿಂದ ಎಳನೀರಿನ ಗೊಂಚಲು ತರುತ್ತಿದ್ದರು. ಕಿಡ್ನಿ ಕೆಟ್ಟವರಿಗೆ ಎಳನೀರಿನ ಪೊಟ್ಯಾಸಿಯಂ ಎದೆಬಡಿತವನ್ನೇ ತಪ್ಪಿಸಬಹುದು ಎಂದು ಡಾಕ್ಟರು ಎಚ್ಚರಿಸಿದ್ದರು. ಪ್ರೀತಿಯಿಂದ ತಂದದ್ದನ್ನು ಬೇಡ ಎನ್ನಲು ದೊಡ್ಡವ್ವನಿಗೆ ಕಷ್ಟವಾಗುತ್ತಿತ್ತು.

ಈ ಓಡಾಟ ತಗ್ಗಿಸುವ ಬುನಾದಿ ನಮ್ಮಲ್ಲಿದೆ. ಕರ್ನಾಟಕದಲ್ಲಿ ಕ್ಯಾನ್ಸರ್‌ನ ಲೆಕ್ಕ ಇಡುವ ಕೆಲಸ ಹೊಸದಲ್ಲ. 1973ರಲ್ಲಿ ಶುರುವಾದ ಕಿದ್ವಾಯಿ ಸಂಸ್ಥೆ 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಸುತ್ತಿದೆ. ಕೇಂದ್ರದ ತೃತೀಯ ಹಂತದ ಕ್ಯಾನ್ಸರ್ ಚಿಕಿತ್ಸಾ ಯೋಜನೆಯ ಪಟ್ಟಿಯಲ್ಲಿ ಕಿದ್ವಾಯಿಯ ಜೊತೆ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಮಿಮ್ಸ್) ಹೆಸರೂ ಸೇರಿದೆ. ನನ್ನ ಆಸೆ ದೊಡ್ಡದೇನಲ್ಲ. ಬೆಂಗಳೂರಿನಲ್ಲಿ ನಿರ್ಧಾರವಾದ ಚುಚ್ಚುಮದ್ದು ಮಂಡ್ಯದಲ್ಲಿ ಸಿಗಲಿ, ಜ್ವರ ಬಂದ ರಾತ್ರಿ ಮಳವಳ್ಳಿ ಮದ್ದೂರಿನ ಆಸ್ಪತ್ರೆಯಲ್ಲೇ ಮೊದಲ ಆ್ಯಂಟಿಬಯಾಟಿಕ್ ಬೀಳಲಿ, ರೋಗಿ ಬರದೆ ಹೋದರೆ ಒಬ್ಬರು ಫೋನು ಮಾಡಿ ಏಕೆ ಎಂದು ಕೇಳಲಿ. ಇವಿಷ್ಟಿದ್ದರೆ ನಾಳೆ ಮೂರೋ ನಾಲ್ಕೋ ಔಷಧಿಯ ಯಾವ ಟ್ರಯಲ್ ಬಂದರೂ ನಮ್ಮ ಜಿಲ್ಲೆಯವರು ಅದರಲ್ಲಿ ಕೊನೆಯವರೆಗೆ ಉಳಿಯುತ್ತಾರೆ. ಅಮೆರಿಕದವರ, ಯುರೋಪಿನವರ ಮೈಗೆ ಸರಿಹೊಂದಿದ ಅಳತೆ, ಮುದ್ದೆ ಉಂಡು ಬಿಸಿಲಲ್ಲಿ ದುಡಿದ ನಮ್ಮವರ ಮೈಗೆ ಎಷ್ಟು ಸರಿ ಎಂದು ಆಗ ತಿಳಿಯುತ್ತದೆ.

ದೊಡ್ಡಪ್ಪ ಈಗ ಗದ್ದೆ ಬದುವಿನವರೆಗೆ ಕೋಲೂರಿಕೊಂಡು ಹೋಗಿ ಬರುತ್ತಾರೆ. ಕ್ರಿಯಾಟಿನಿನ್ 1.6ಕ್ಕೆ ಇಳಿದಿದೆ.

ಓದುಗರಲ್ಲಿ ಎರಡು ಬೇಡಿಕೆ. ನಿಮ್ಮ ಮನೆಯಲ್ಲಿ ಐವತ್ತು ದಾಟಿದ ಯಾರಿಗಾದರೂ ಬೆನ್ನುನೋವು ತಿಂಗಳುಗಟ್ಟಲೆ ಬಿಡದಿದ್ದರೆ, ಜೊತೆಗೆ ಸುಸ್ತು, ರಕ್ತಹೀನತೆ ಇದ್ದರೆ, ಇನ್ನೊಂದು ಹಾಳೆ ಮಾತ್ರೆ ತರುವ ಬದಲು ಡಾಕ್ಟರಿಗೆ ಹೇಳಿ ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಕ್ಯಾಲ್ಸಿಯಂ, ರಕ್ತದ ಪ್ರೋಟೀನ್ ಎಲೆಕ್ಟ್ರೋಫೋರೆಸಿಸ್ ಮಾಡಿಸಿ. ಮತ್ತೆ, ಆಸ್ಪತ್ರೆಯಲ್ಲಿ ಯಾರಾದರೂ ಟ್ರಯಲ್ ಎಂದರೆ ಹೆದರಿ ಎದ್ದು ಬರಬೇಡಿ, ಅಲ್ಲೇ ಸಹಿಯನ್ನೂ ಹಾಕಬೇಡಿ. ಕನ್ನಡದ ಪತ್ರ ಕೇಳಿ ಪಡೆಯಿರಿ. ಮನೆಗೆ ತಂದು ಎಲ್ಲರೆದುರು ಜೋರಾಗಿ ಓದಿಸಿ, ತಿಳಿಯದ ಸಾಲನ್ನು ಇನ್ನೊಂದು ಸಲ ಓದಿಸಿ.